ಸಮುದ್ರದ ಅಣುಜೀವಿಗಳೂ ಡೋಣಿಯ ನೀರೂ

ಸಮುದ್ರವನ್ನು ಕಣ್ಣಾರೆ ಕಾಣದವರು ನಮ್ಮ ಶಾಲೆಯಲ್ಲಿ ಈಗಲೂ ಬಹಳ ಮಂದಿ ಇದ್ದಾರೆ. ವಿಜಯಪುರದಿಂದ ಕಾರವಾರದ ದಂಡೆಗೆ ಮುನ್ನೂರು ಕಿಲೋಮೀಟರಿಗಿಂತಲೂ ಹೆಚ್ಚಿನ ಹಾದಿ. ಹೀಗಿರಲು ಈ ಸ್ಮರಣ ಸಂಚಿಕೆಯಲ್ಲಿ ಕಡಲ ನೀರಿನೊಳಗಿನ ಅಣುಜೀವಿಗಳ ವಿಷಯವಾಗಿ ಪಾಠವನ್ನು ಬರೆಯಹೊರಟದ್ದು ಏತಕ್ಕೆಂದು ವಾಚಕರು ಕೇಳಬಹುದು. ಇದಕ್ಕೆ ಕಾರಣವಾದದ್ದು ಒಂದು ಪತ್ರ.

ಟಿಕೋಟಾ ಕಡೆಯ ದ್ರಾಕ್ಷಿ ತೋಟದ ಮನೆಗೆ ಸೊಸೆಯಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಚಾಟಣಿಯ ಕಾಲದಲ್ಲಿ ನಮಗೆ ಹೀಗೆ ಬರೆದಳು: “ಅಕ್ಕೋರೇ, ತೋಟಕ್ಕೆ ಔಷಧ ಹೊಡೆದ ಮೇಲೆ ಡ್ರಮ್ಮನ್ನೂ ಪಂಪನ್ನೂ ನಮ್ಮಲ್ಲಿ ಹಳ್ಳದ ದಂಡೆಯ ಮೇಲೆ ತೊಳೆಯುತ್ತಾರೆ. ಬೇಡವೆಂದರೆ ಮಾವನವರು, ‘ಹಳ್ಳ ಹೊಳಿಗಿ ಹೋಗತೈತಿ, ಹೊಳಿ ಸಮುದ್ರಕ್ಕ ಹೋಗತೈತಿ, ಸಮುದ್ರ ಎಲ್ಲಾ ನುಂಗತೈತಿ, ಯವ್ವಾ’ ಅನ್ನುತ್ತಾರೆ. ಸಮುದ್ರದಲ್ಲಿ ವಿಷವನ್ನು ತಿನ್ನುವ ಜೀವಿಗಳು ಇವೆಯೆಂದು ತಾವು ಒಂಬತ್ತನೆಯ ಇಯತ್ತೆಯಲ್ಲಿ ಹೇಳಿದ್ದು ನನಗೆ ನೆನಪಿದೆ. ಹಾಗಾದರೆ ಮಾವನವರು ಹೇಳುವದು ಸರಿಯೇ?”

ಈ ಪ್ರಶ್ನೆಯು ಸಣ್ಣದಲ್ಲ. ನಾವು ತರಗತಿಯಲ್ಲಿ ಅರ್ಧ ಹೇಳಿ ಬಿಟ್ಟ ಪಾಠವೇ ಅವಳನ್ನು ಮನೆಯ ಹಿರಿಯರ ಎದುರಿಗೆ ಉತ್ತರವಿಲ್ಲದವಳನ್ನಾಗಿ ಮಾಡಿತೆಂದು ತಿಳಿದು ನಮಗೆ ತುಸು ನಾಚಿಕೆಯೂ ಆಯಿತು. ಅವಳಂಥವರು ಟಿಕೋಟಾ, ಬಬಲೇಶ್ವರಗಳ ಸುತ್ತಲಿನ ಹಳ್ಳಿಗಳಲ್ಲಿ ಬಹಳ ಮಂದಿ ಇರುವದರಿಂದ ಉಳಿದ ಅರ್ಧವನ್ನು ಇಲ್ಲಿ ಎಲ್ಲರಿಗೂ ಕೂಡಿಯೇ ಹೇಳುತ್ತೇವೆ.

ಮೊದಲು ಹಿರಿಯರ ಮಾತಿನಲ್ಲಿ ನಿಜವಾದ ಭಾಗವನ್ನು ನೋಡೋಣ. ಸಮುದ್ರದ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಒಂದು ಮಿಲಿಲೀಟರು ನೀರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾ ಎಂಬ ಅಣುಜೀವಿಗಳು ಇರುತ್ತವೆ. ಚಹಾ ಚಮಚೆಯೊಂದರಲ್ಲಿ ಐವತ್ತು ಲಕ್ಷ. ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆಯು 2011ರ ಗಣತಿಯಲ್ಲಿ ಇಪ್ಪತ್ತೊಂದು ಲಕ್ಷದ ಮೇಲೆ ಇತ್ತು; ಅದರ ಎರಡು ಪಟ್ಟಿಗೂ ಮಿಕ್ಕಿದ ಸಂಖ್ಯೆಯು ಒಂದು ಚಮಚೆಯೊಳಗೆ ವಾಸಮಾಡಿರುವದು. ಒಂದೊಂದರ ಉದ್ದವು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಸತ್ತ ಮೀನು, ಉದುರಿದ ಪಾಚಿ, ನದಿಗಳು ತಂದ ಎಲೆ ಕಡ್ಡಿ, ಇವೆಲ್ಲವನ್ನೂ ಮುರಿದು ಮತ್ತೆ ಮೂಲದ್ರವ್ಯಗಳನ್ನಾಗಿ ಮಾಡುವ ಕೆಲಸವು ಇವುಗಳದೇ. ಇವು ತಮ್ಮ ಕೆಲಸವನ್ನು ಬಿಟ್ಟರೆ ಸಮುದ್ರವು ತನ್ನ ಸತ್ತ ಜೀವಿಗಳಿಂದಲೇ ತುಂಬಿಹೋಗುತ್ತಿತ್ತು.

ಈ ಸಮುದಾಯದಲ್ಲಿ ಕೆಲವು ಜಾತಿಯವು ಮನುಷ್ಯನು ಚೆಲ್ಲಿದ ಕಲ್ಲೆಣ್ಣೆಯನ್ನು ತಿಂದು ಬದುಕಬಲ್ಲವು. ನಮ್ಮ ರಾಜ್ಯದ ಕಡಲ ದಂಡೆಯಲ್ಲಿಯೇ ಇದರ ಸಂಗತಿಯನ್ನು ನೋಡಬಹುದು. 2006ನೆಯ ಇಸವಿ ಮೇ 30ರಂದು ‘ಓಶನ್ ಸೆರಾಯಾ’ ಎಂಬ ಹಡಗು ಕಾರವಾರದ ಸಮೀಪ ಬಂಡೆಗೆ ತಾಗಿ ನಿಂತುಹೋಯಿತು. ಅದರ ಹೊಟ್ಟೆಯಲ್ಲಿ ತನ್ನ ಯಂತ್ರಗಳಿಗಾಗಿ ತುಂಬಿಕೊಂಡಿದ್ದ ಇಂಧನ ತೈಲವು ಸುಮಾರು 650 ಟನ್ ಇತ್ತು. ಮುಂಗಾರು ಹೊಸ್ತಿಲಲ್ಲಿದ್ದ ಕಾಲವದು. ಅಲೆಗಳ ಹೊಡೆತಕ್ಕೆ ಹಡಗು ಒಡೆದು ತೈಲವು ಸೋರಿ ಕಾರವಾರದ ದಂಡೆಗೂ ಉತ್ತರಕ್ಕೆ ಗೋವೆಯ ದಂಡೆಗಳಿಗೂ ಹರಿಯಿತು. ಮಳಲು ಕಪ್ಪಾಯಿತು, ಮೀನುಗಾರರ ಬಲೆಗಳು ಜಿಡ್ಡುಗಟ್ಟಿದವು. ಜನರು ಮೊರ, ಸಲಿಕೆಗಳನ್ನು ಹಿಡಿದು ಬಳಿದು ತೆಗೆದದ್ದು ಒಂದು ಪಾಲಾದರೆ ಬಳಿಯಲು ಸಿಕ್ಕದೆ ನೀರಿನಲ್ಲಿಯೂ ಮಳಲಿನಲ್ಲಿಯೂ ಉಳಿದದ್ದು ಇನ್ನೊಂದು ಪಾಲು. ಆ ಉಳಿದ ಪಾಲಿನಲ್ಲಿ ತೆಳ್ಳಗಿನ ಅಂಶವು ಬಿಸಿಲಿಗೆ ಆವಿಯಾಗಿ ಹೋಯಿತು. ಮಿಕ್ಕದ್ದರ ಮೇಲೆ ಅಣುಜೀವಿಗಳು ಕೂಡಬೇಕಾಯಿತು.

ಗೋವೆಯ ದಂಡೆಗಳಲ್ಲಿ ಪ್ರತಿವರ್ಷವೂ ಮುಂಗಾರಿನ ಹಿಂದುಮುಂದಾಗಿ ಕರಿಯ ಡಾಂಬರಿನ ಉಂಡೆಗಳು ಬಂದು ಬೀಳುತ್ತವೆ. ಇವು ದೂರ ಸಮುದ್ರದಲ್ಲಿ ಚೆಲ್ಲಿದ ಎಣ್ಣೆಯು ಗಾಳಿಗೂ ಅಲೆಗೂ ಸಿಕ್ಕಿ ಗಟ್ಟಿಯಾದ ಶೇಷಗಳು. 1966ರಲ್ಲಿ ಹುಟ್ಟಿ ದೋನಾ ಪಾವ್ಲಾ ಎಂಬಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಪಂಡಿತರು ಇಂಥ ಉಂಡೆಗಳನ್ನು ಆರಿಸಿ ತಂದು ಪರೀಕ್ಷಿಸಿ, ಅವುಗಳ ಮೈಮೇಲೆಯೇ ಎಣ್ಣೆಯನ್ನು ಮುರಿಯಬಲ್ಲ ಬ್ಯಾಕ್ಟೀರಿಯಾಗಳು ಮನೆಮಾಡಿರುವದನ್ನು ಕಂಡಿದ್ದಾರೆ. ಡಾಂಬರಿನ ಮೇಲೆ ಜೀವವು ಹೇಗೆ ನಿಂತೀತು ಎಂಬ ಸಂಶಯವು ನಮಗೂ ಮೊದಲು ಇತ್ತು. ಆದರೆ ಹಸಿದವನಿಗೆ ಒಣ ರೊಟ್ಟಿಯೂ ಊಟವೇ ಅಲ್ಲವೇ!

ಈ ಊಟದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಯಾಕಂದರೆ ಎಲ್ಲಾ ಪ್ರಶ್ನೆಗಳಿಗೂ ಉತ್ತರವು ಇದರೊಳಗೇ ಇದೆ. ನಾವು ಚಿಮಣಿ ಎಣ್ಣೆ ಎನ್ನುವದಾಗಲಿ, ಡಿಸೇಲ್ ಆಗಲಿ, ಮೇಣಬತ್ತಿಯ ಮೇಣವಾಗಲಿ ಇವೆಲ್ಲವೂ ಇಂಗಾಲದ ಪರಮಾಣುಗಳ ಸರಪಳಿಗಳು. ಸರಪಳಿಯ ಸುತ್ತಲೂ ಜಲಜನಕದ ಪರಮಾಣುಗಳು ಅಂಟಿಕೊಂಡಿರುತ್ತವೆ. ಇದು ನೀರಿನೊಡನೆ ಬೆರೆಯದು. ಆದಕಾರಣ ಅಣುಜೀವಿಯು ಮೊದಲು ಸಾಬೂನಿನ ಗುಣವುಳ್ಳ ಒಂದು ರಸವನ್ನು ತನ್ನ ಮೈಯಿಂದ ಹೊರಡಿಸುವದು. ಅದರಿಂದ ಎಣ್ಣೆಯು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ನಮ್ಮ ತಾಯಂದಿರು ಜಿಡ್ಡಿನ ಪಾತ್ರೆಗೆ ಸೀಗೆಪುಡಿಯನ್ನೋ ಬೂದಿಯನ್ನೋ ಹಾಕಿ ತಿಕ್ಕುವ ಯುಕ್ತಿಯೇ ಇದು. ಎರಡನೆಯದಾಗಿ ಅದು ಪ್ರಾಣವಾಯುವನ್ನು ತೆಗೆದುಕೊಂಡು ಸರಪಳಿಯ ತುದಿಗೆ ಸೇರಿಸುವದು. ಹೀಗೆ ಸೇರಿದ ಕೂಡಲೆ ಕಲ್ಲೆಣ್ಣೆಯ ಸರಪಳಿಯು ಮೊದಲು ಮದ್ಯಸಾರದ ಜಾತಿಗೆ, ಅನಂತರ ಕೊಬ್ಬಿನ ಆಮ್ಲದ ಜಾತಿಗೆ ತಿರುಗುತ್ತದೆ. ಅಂದರೆ ಏನಾಯಿತು? ನೆಲದಡಿಯ ಎಣ್ಣೆಯು ನಮ್ಮ ಕುಸುಬಿ ಎಣ್ಣೆಯ ಬಂಧುವಾಯಿತು! ಇನ್ನು ಮುಂದೆ ಕೆಲಸವು ಸುಲಭ. ರೈತನು ಕಣಿಕೆಯನ್ನು ಎರಡೆರಡು ಗೆಣ್ಣಿಗೆ ಕಡಿದು ದನಕ್ಕೆ ಹಾಕುವಂತೆ ಅಣುಜೀವಿಯು ಆ ಸರಪಳಿಯನ್ನು ಎರಡೆರಡು ಇಂಗಾಲಗಳ ತುಂಡುಗಳಾಗಿ ಕಡಿಯುತ್ತ ಹೋಗುತ್ತದೆ. ನಾವು ಉಂಡ ಎಣ್ಣೆಯನ್ನು ನಮ್ಮ ದೇಹವು ಅರಗಿಸುವ ಕ್ರಮವೂ ಇದೇ. ಕಡೆಗೆ ಉಳಿಯುವದು ಇಂಗಾಲಾಮ್ಲ ವಾಯು, ನೀರು, ಮತ್ತು ಸಂಖ್ಯೆಯಲ್ಲಿ ಹೆಚ್ಚಿದ ಅಣುಜೀವಿಗಳ ಸಂತಾನ.

ಉದ್ದನ್ನ ಸರಪಳಿಗಳು ಹೀಗೆ ಬೇಗನೆ ಕರಗುತ್ತವೆ. ಉಂಗುರದಂತೆ ಸುತ್ತಿಕೊಂಡ ಅಣುಗಳು ತಡವಾಗಿ, ಉಂಗುರಗಳು ಹೆಚ್ಚಿದಷ್ಟು ಇನ್ನೂ ತಡವಾಗಿ ಮುರಿಯುತ್ತವೆ. ಡಾಂಬರಿನ ಅಂಶವಂತೂ ವರ್ಷಗಟ್ಟಲೆ ಹಾಗೆಯೇ ಬಿದ್ದಿರುವದು. ಕಾರವಾರದಲ್ಲಿ ಸೋರಿದ ತೈಲವು ಭಾರವಾದ ಜಾತಿಯದಾಗಿದ್ದುದರಿಂದ ಅಣುಜೀವಿಗಳ ಪಾಲಿಗೆ ಅದು ಬಿರುಸಾದ ಊಟವೇ ಆಗಿತ್ತು.

ಎಣ್ಣೆಯನ್ನೇ ನೆಚ್ಚಿ ಬದುಕುವ ಜಾತಿಯೊಂದನ್ನು ಜರ್ಮನಿಯ ಬಳಿ ಉತ್ತರ ಸಮುದ್ರದಲ್ಲಿರುವ ಬೋರ್ಕುಮ್ ಎಂಬ ದ್ವೀಪದ ಹತ್ತಿರ ಕಂಡು 1998ರಲ್ಲಿ ವರ್ಣಿಸಿದರು. ಅದಕ್ಕೆ ಅಲ್ಕನಿವೋರಾಕ್ಸ್ ಬೋರ್ಕುಮೆನ್ಸಿಸ್ ಎಂದು ಹೆಸರು. ಇದರ ಮುಂದೆ ಸಕ್ಕರೆಯನ್ನಿಟ್ಟರೂ ಮೂಸಿನೋಡದು. ಎಣ್ಣೆಯ ಸರಪಳಿಯೇ ಬೇಕು. ಶುದ್ಧವಾದ ನೀರಿನಲ್ಲಿ ಇದನ್ನು ಹುಡುಕಿದರೂ ಸಿಕ್ಕುವದು ಕಷ್ಟ. ಎಲ್ಲಿಯಾದರೂ ಎಣ್ಣೆ ಚೆಲ್ಲಿತೋ, ಕೆಲವು ದಿವಸಗಳೊಳಗೆ ಆ ನೀರಿನ ಅಣುಜೀವಿಗಳಲ್ಲಿ ಇದೇ ಬಹುಮತದ್ದಾಗಿ ಬಿಡುತ್ತದೆ. ಹಾಗಾದರೆ ಹಡಗುಗಳು ಹುಟ್ಟುವ ಮೊದಲು ಇದು ಏನನ್ನು ತಿಂದು ಬದುಕಿತ್ತು? ಸಮುದ್ರದ ತಳದಲ್ಲಿ ಕೆಲವೆಡೆ ಎಣ್ಣೆಯು ತಾನಾಗಿಯೇ ಒಸರುತ್ತದೆ. ಅದಲ್ಲದೆ ಬಿಸಿಲಿನಿಂದ ಬದುಕುವ ಕೆಲವು ನೀಲಹಸಿರು ಅಣುಜೀವಿಗಳು ತಮ್ಮ ಮೈಯಲ್ಲಿಯೇ ಇಂಥ ಸರಪಳಿಗಳನ್ನು ತಯಾರಿಸುತ್ತವೆಂದೂ, ವರ್ಷಕ್ಕೆ ಹೀಗೆ ಹುಟ್ಟುವ ಎಣ್ಣೆಯು ಕೋಟಿಗಟ್ಟಲೆ ಟನ್ನುಗಳಾಗುವದೆಂದೂ 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಿಂದ ತಿಳಿಯಿತು. ಮನುಷ್ಯನಿಗಾಗಿ ಈ ಜೀವಿಗಳನ್ನು ಯಾರೂ ಕಾದಿರಿಸಿರಲಿಲ್ಲ; ಅವು ತಮ್ಮ ಪಾಡಿಗೆ ಉಣ್ಣುತ್ತಿದ್ದಾಗ ನಾವು ಪರಾತ ತುಂಬ ತಂದು ಸುರಿದೆವು, ಅಷ್ಟೇ.

ಸುರಿದದ್ದು ಎಷ್ಟೆಂಬದಕ್ಕೆ ಅಮೇರಿಕದ ಎರಡು ಸಂಗತಿಗಳು ಸಾಕು. 1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ‘ಎಕ್ಸಾನ್ ವಾಲ್ಡೀಜ್’ ಎಂಬ ಹಡಗಿನಿಂದ ಸುಮಾರು ನಾಲ್ಕು ಕೋಟಿ ಲೀಟರು ಕಚ್ಚಾ ತೈಲವು ಸೋರಿತು. ಆಗ ಅಲ್ಲಿಯವರು ದಂಡೆಯ ಕಲ್ಲುಗಳ ಮೇಲೆ ಗೊಬ್ಬರವನ್ನು ಸಿಂಪಡಿಸಿದರು. ಎಣ್ಣೆಗೆ ಗೊಬ್ಬರವೇ ಎಂದು ನಗಬಾರದು. ಎಣ್ಣೆಯಲ್ಲಿ ಇಂಗಾಲವು ಯಥೇಚ್ಛವಾಗಿದೆ, ಆದರೆ ಸಾರಜನಕವೂ ರಂಜಕವೂ ಇಲ್ಲ. ಬರೀ ರೊಟ್ಟಿಯಿಂದ ಮಗುವಿನ ಮೈ ಬೆಳೆಯದು, ಬೇಳೆಯೂ ಬೇಕು, ಹಾಗೆಯೇ ಇದು. ಗೊಬ್ಬರ ಬಿದ್ದ ದಂಡೆಗಳಲ್ಲಿ ಎಣ್ಣೆಯು ಹಲವೆಡೆ ಬೇಗ ಕರಗಿತು. ಆದರೂ ಕಲ್ಲುಗಳ ಕೆಳಗೆ ಗಾಳಿಯಾಡದ ಸ್ಥಳದಲ್ಲಿ ಅಡಗಿದ ಎಣ್ಣೆಯು ಹತ್ತು ವರ್ಷಗಳ ತರುವಾಯ ಅಗೆದು ನೋಡಿದಾಗಲೂ ಇತ್ತು. ಎರಡನೆಯದು 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಆದದ್ದು. ಎಣ್ಣೆಯ ಬಾವಿಯೊಂದು ಒಡೆದು 11 ಜನರು ಸತ್ತರು. 87 ದಿವಸಗಳವರೆಗೆ ಎಣ್ಣೆಯು ಚಿಮ್ಮುತ್ತಲೇ ಇತ್ತು. ಒಂದು ಕಿಲೋಮೀಟರಿಗೂ ಮಿಕ್ಕ ಆಳದ ಕೊರೆಯುವ ತಣ್ಣೀರಿನಲ್ಲಿ ಮೋಡದಂತೆ ಹಬ್ಬಿದ ಆ ಎಣ್ಣೆಯನ್ನು ಅಲ್ಲಿಯ ಅಣುಜೀವಿಗಳು ಪಂಡಿತರು ಎಣಿಸಿದ್ದಕ್ಕಿಂತ ಬೇಗನೆ ತಿನ್ನಲಾರಂಭಿಸಿದವು. ಆದರೆ ಎಲ್ಲವನ್ನೂ ತಿನ್ನಲಿಲ್ಲ. ತಳಕ್ಕೆ ಇಳಿದದ್ದೂ ಜವುಗಿನಲ್ಲಿ ಸಿಕ್ಕಿದ್ದೂ ಬಹಳ ಕಾಲ ಉಳಿಯಿತು.

ಇದೇ ಪ್ರಸಂಗದಲ್ಲಿ ನಮ್ಮ ದೇಶದವರಾದ ಆನಂದ ಮೋಹನ ಚಕ್ರವರ್ತಿಯವರ ಹೆಸರನ್ನು ಹೇಳದೆ ಬಿಡಲಾಗದು. ಬಂಗಾಳದ ಸಾಂಯಿಥಿಯಾದಲ್ಲಿ ಹುಟ್ಟಿ ಅಮೇರಿಕದಲ್ಲಿ ಕೆಲಸಮಾಡಿದ ಇವರು ಎಣ್ಣೆಯ ಹಲವು ಅಂಶಗಳನ್ನು ಒಟ್ಟಿಗೇ ತಿನ್ನುವ ಒಂದು ಬ್ಯಾಕ್ಟೀರಿಯಾವನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದರು. ಜೀವಿಯ ಮೇಲೆ ಸ್ವಾಮ್ಯದ ಹಕ್ಕು ಕೊಡಬಹುದೇ ಎಂಬ ವ್ಯಾಜ್ಯವು ಅಮೇರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 1980ರಲ್ಲಿ ಐವರು ನ್ಯಾಯಾಧೀಶರು ಪರವಾಗಿಯೂ ನಾಲ್ವರು ವಿರೋಧವಾಗಿಯೂ ತೀರ್ಪನ್ನು ಕೊಟ್ಟು ಅವರಿಗೆ ಜಯವಾಯಿತು. ಆದರೆ ಆ ಜೀವಿಯನ್ನು ಸಮುದ್ರಕ್ಕೆ ಬಿಡಲೇ ಇಲ್ಲವೆಂಬದು ಹಲವರಿಗೆ ತಿಳಿದಿಲ್ಲ. ಕೋರ್ಟು ಗೆದ್ದದ್ದು ಕಡಲನ್ನು ಗೆದ್ದಂತೆ ಆಗದು.

ಮೇಲೆ ಹೇಳಿದ್ದನ್ನು ಹುಡುಗಿಯರಿಗೆ ತೋರಿಸಬೇಕೆಂದು ನಾವು ವಿಜ್ಞಾನದ ಕೋಣೆಯಲ್ಲಿ ಒಂದು ಪ್ರಯೋಗವನ್ನು ಮಾಡಿದೆವು. ಸಮುದ್ರದ ನೀರು ಎಲ್ಲಿಂದ ತರುವದು? ಆದರೆ ನಮ್ಮ ಡೋಣಿ ನದಿಯ ನೀರೇ ಸವುಳು ಅಲ್ಲವೇ! ಸಾರವಾಡದ ಸೇತುವೆಯ ಬಳಿಯಿಂದ ಒಂದು ಕೊಡ ನೀರನ್ನೂ ಹಿಡಿ ಕೆಸರನ್ನೂ ತರಿಸಿದೆವು. ಉಪ್ಪನ್ನು ಸಹಿಸುವ ಅಣುಜೀವಿಗಳು ಸಮುದ್ರದಲ್ಲಿ ಮಾತ್ರವಲ್ಲ, ಒಳನಾಡಿನ ಸವುಳು ನೆಲದಲ್ಲಿಯೂ ಇರುತ್ತವೆ. ನಾಲ್ಕು ಗಾಜಿನ ಭರಣಿಗಳಲ್ಲಿ ನೀರನ್ನು ಹಾಕಿ ಒಂದೊಂದಕ್ಕೂ ಒಂದು ಚಮಚೆ ಕುಸುಬಿ ಎಣ್ಣೆಯನ್ನು ಬಿಟ್ಟೆವು. ಮೊದಲನೆಯದರಲ್ಲಿ ಕುದಿಸಿ ಆರಿಸಿದ ನೀರು. ಎರಡನೆಯದರಲ್ಲಿ ಹಸಿ ನೀರು ಮತ್ತು ಕೆಸರು. ಮೂರನೆಯದರಲ್ಲಿ ಅದರ ಜೊತೆಗೆ ಚಿಟಿಕೆ ಯೂರಿಯಾ, ಚಿಟಿಕೆ ಡಿಎಪಿ. ಇವು ಮೂರಕ್ಕೂ ತೆಳುವಾದ ಬಟ್ಟೆಯನ್ನು ಮಾತ್ರ ಕಟ್ಟಿ ದಿನಕ್ಕೆ ಎರಡು ಸಲ ಅಲುಗಿಸುತ್ತಿದ್ದೆವು. ನಾಲ್ಕನೆಯದರಲ್ಲಿ ಮೂರನೆಯದರಂತೆಯೇ ಎಲ್ಲವನ್ನೂ ಹಾಕಿ ಬಿರಡೆಯನ್ನು ಬಿಗಿದುಬಿಟ್ಟೆವು.

ಮೂರು ವಾರಗಳ ಮೇಲೆ ನೋಡಲಾಗಿ ಮೊದಲನೆಯ ಭರಣಿಯಲ್ಲಿ ಎಣ್ಣೆಯು ಹೊನ್ನಿನ ತಗಡಿನಂತೆ ಮೇಲೆ ಹಾಗೆಯೇ ತೇಲುತ್ತಿತ್ತು. ಎರಡನೆಯದರಲ್ಲಿ ತುಸು ಮಂಕಾಗಿತ್ತು. ಮೂರನೆಯದರಲ್ಲಿ ಎಣ್ಣೆಯ ಪದರವು ಹರಿದು ನೀರು ಅಂಬಲಿಯಂತೆ ಬೆಳ್ಳಗಾಗಿತ್ತು. ನಾಲ್ಕನೆಯದರ ಬಿರಡೆಯನ್ನು ತೆಗೆದವಳು ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ಒಳಗಿನ ಕೆಸರು ಮಸಿಯಂತೆ ಕಪ್ಪಾಗಿ ಕೊಳೆತ ತತ್ತಿಯ ನಾತವು ಕೋಣೆಯನ್ನೆಲ್ಲಾ ತುಂಬಿತು. ಎಣ್ಣೆ ಮಾತ್ರ ಬಹಳಷ್ಟು ಹಾಗೆಯೇ ಇತ್ತು. ಗಾಳಿಯು ತೀರಿಹೋದಾಗ ಪ್ರಾಣವಾಯುವಿಲ್ಲದೆ ಗಂಧಕದ ಲವಣಗಳನ್ನು ಉಪಯೋಗಿಸಿ ಬದುಕುವ ಬೇರೆ ಜೀವಿಗಳು ಮೇಲುಗೈಯಾಗಿ ಈ ನಾತವನ್ನು ಹುಟ್ಟಿಸಿದ್ದವು. ಅಲಾಸ್ಕಾದ ಕಲ್ಲಿನ ಕೆಳಗೆ ಎಣ್ಣೆ ಉಳಿದದ್ದೇಕೆಂದು ನಾವು ಆ ದಿವಸ ಬೇರೆ ಹೇಳಬೇಕಾಗಲಿಲ್ಲ.

ಇನ್ನು ಟಿಕೋಟಾದ ಹಳ್ಳಕ್ಕೆ ಬರೋಣ. ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾದ ಟಿಕೋಟಾ, ಬಬಲೇಶ್ವರ ಭಾಗದ ಬಹಳಷ್ಟು ಹಳ್ಳಗಳು ಡೋಣಿಯನ್ನು ಕೂಡುತ್ತವೆ. ಡೋಣಿ ಹರಿದರೆ ಓಣಿಯೆಲ್ಲಾ ಜೋಳವೆಂದು ನಮ್ಮವರು ಹೊಗಳಿದ ನದಿ ಅದು. ಜತ್ತ ಸೀಮೆಯಲ್ಲಿ ಹುಟ್ಟಿ, ತಾಳಿಕೋಟೆಯನ್ನು ದಾಟಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆಯು ತೆಲಂಗಾಣ, ಆಂಧ್ರಗಳನ್ನು ಹಾಯ್ದು ಬಂಗಾಳ ಉಪಸಾಗರವನ್ನು ಸೇರಬೇಕು. ಈ ದಾರಿಯಲ್ಲಿ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡೆಯ ಒಡ್ಡು ಮೊದಲಾದ ಕಟ್ಟೆಗಳು ಅದನ್ನು ತಡೆದು ನಿಲ್ಲಿಸಿವೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಕೃಷ್ಣೆಯ ನೀರು ಕಡಲನ್ನು ಮುಟ್ಟುವದೇ ಬಲು ಸ್ವಲ್ಪ. ಹಾಗಾದರೆ ಹಳ್ಳಕ್ಕೆ ಬಿಟ್ಟ ವಿಷವು ‘ಸಮುದ್ರಕ್ಕ ಹೋಗತೈತಿ’ ಎಂಬ ಮಾತು ಎಲ್ಲಿ ನಿಂತಿತು? ಅದು ದಾರಿಯ ಕೆಸರಿನಲ್ಲಿ, ಕಟ್ಟೆಗಳ ಹೂಳಿನಲ್ಲಿ, ಕುಡಿಯುವವರ ಕೊಡದಲ್ಲಿ ತಂಗುತ್ತ ಹೋಗುತ್ತದೆ. ವಿಜಯಪುರದ ನಲ್ಲಿಗಳಿಗೆ ಕೊಲ್ಹಾರದಿಂದ ಬರುವ ನೀರು ಆಲಮಟ್ಟಿಯ ಹಿನ್ನೀರಾಗಿದ್ದು, ಡೋಣಿಯು ಕೂಡುವದು ಆಲಮಟ್ಟಿಯ ಕೆಳಗೆ. ಆದುದರಿಂದ ನಾವು ಬಿಟ್ಟದ್ದು ಕೊಲ್ಹಾರದ ಮಾರ್ಗವಾಗಿ ನಮ್ಮ ಮನೆಗೆ ತಿರುಗಿ ಬಾರದು, ಕೆಳಗಿನ ಊರವರ ಮನೆಗೆ ಹೋಗುವದು. ಇದನ್ನು ಸಮಾಧಾನದ ಮಾತೆಂದು ಯಾರೂ ತಿಳಿಯಲಿಕ್ಕಿಲ್ಲ.

ಒಂದು ವೇಳೆ ಎಲ್ಲವೂ ಸಮುದ್ರವನ್ನೇ ಮುಟ್ಟಿತೆಂದು ಇಟ್ಟುಕೊಳ್ಳೋಣ. ಅಣುಜೀವಿಯು ಮುರಿದದ್ದೆಲ್ಲಾ ನಿರ್ವಿಷವಾಯಿತೇ? ಇಲ್ಲ. ಇದಕ್ಕೆ ಎಂಡೋಸಲ್ಫಾನ್ ದೃಷ್ಟಾಂತವಾಗಿದೆ. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ಈ ಔಷಧವನ್ನು 1970ರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ಎಣ್ಮಕಜೆ ಪಂಚಾಯತಿಯ ಪಡ್ರೆ ಮುಂತಾದ ಹಳ್ಳಿಗಳಲ್ಲಿ ಕನ್ನಡ, ತುಳು, ಮಲಯಾಳ ಮಾತಾಡುವ ಎಷ್ಟೋ ಮನೆಗಳಲ್ಲಿ ಅಂಗವಿಕಲರಾದ, ಬುದ್ಧಿ ಬೆಳೆಯದ ಮಕ್ಕಳು ಹುಟ್ಟಿದ ಕಥೆಯನ್ನು ಪತ್ರಿಕೆಗಳಲ್ಲಿ ಓದಿದವರು ಮರೆಯಲಾರರು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಇದನ್ನು ದೇಶದಲ್ಲೆಲ್ಲಾ ನಿಷೇಧಿಸಿತು. ನೆಲದ ಅಣುಜೀವಿಗಳು ಎಂಡೋಸಲ್ಫಾನನ್ನು ಬಿಟ್ಟಿರಲಿಲ್ಲ, ಮುಟ್ಟಿದ್ದವು. ಆದರೆ ಅವು ಅದಕ್ಕೆ ಪ್ರಾಣವಾಯುವನ್ನು ಸೇರಿಸಿ ಎಂಡೋಸಲ್ಫಾನ್ ಸಲ್ಫೇಟ್ ಎಂಬ ಬೇರೊಂದು ವಸ್ತುವನ್ನಾಗಿ ಮಾಡಿದವು. ಅದು ಮೂಲದಷ್ಟೇ ವಿಷ, ಮೂಲಕ್ಕಿಂತ ಹೆಚ್ಚು ಕಾಲ ಬಾಳುವದು. ಎಣ್ಣೆಯ ಸರಪಳಿಯಲ್ಲಿ ವರವಾದ ಪ್ರಾಣವಾಯುವೇ ಇಲ್ಲಿ ಶಾಪವಾಯಿತು. ಮುರಿಯುವದು ಬೇರೆ, ಪೂರ್ತಿ ಅರಗಿಸುವದು ಬೇರೆ.

ದ್ರಾಕ್ಷಿ ತೋಟದವರಿಗೆ ಇನ್ನೂ ಹತ್ತಿರದ ಮಾತೊಂದಿದೆ. ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿ ಬೂಷ್ಟಿನ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ತಿಳಿಯದವರು ಟಿಕೋಟಾದಲ್ಲಿ ಇರಲಿಕ್ಕಿಲ್ಲ. ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಔಷಧವಿದು. ಇದರೊಳಗಿನ ತಾಮ್ರವು ಮೂಲವಸ್ತು; ಸರಪಳಿಯಲ್ಲ, ಉಂಗುರವಲ್ಲ, ಕಡಿಯಲು ಗೆಣ್ಣೇ ಇಲ್ಲ. ಜಗತ್ತಿನ ಯಾವ ಅಣುಜೀವಿಯೂ ತಾಮ್ರವನ್ನು ಇನ್ನೊಂದನ್ನಾಗಿ ಮಾಡಲಾರದು. ಅದು ಮಣ್ಣಿಗೆ ಅಂಟಿಕೊಂಡು ವರುಷ ವರುಷಕ್ಕೆ ಕೂಡುತ್ತ ಹೋಗುವದು, ಇಲ್ಲವೆ ನೀರಿನೊಡನೆ ಕೆಳಗೆ ಹೋಗುವದು. ಅಷ್ಟೇ ಅಲ್ಲ, ತಾಮ್ರವು ಅಣುಜೀವಿಗಳಿಗೇ ವಿಷ. ಕಡಲ ಜೀವಿಗಳು ಹಡಗಿನ ತಳಕ್ಕೆ ಅಂಟಿ ಬೆಳೆಯದಿರಲೆಂದು ತಾಮ್ರ ಬೆರೆಸಿದ ಬಣ್ಣವನ್ನು ಬಳಿಯುತ್ತಾರೆ. ಹೀಗೆ ನಾವು ಯಾವ ತೋಟಿಯನ್ನು ನಂಬಿ ಕಸ ಹಾಕುತ್ತೇವೋ ಆ ತೋಟಿಯ ಊಟಕ್ಕೇ ವಿಷ ಬೆರೆಸಿದಂತೆ ಆಗುತ್ತದೆ.

ಎಲ್ಲಾ ಔಷಧಗಳೂ ಹೀಗೆಯೇ ಎಂದು ಹೇಳಿ ಹೆದರಿಸುವದು ನಮ್ಮ ಉದ್ದೇಶವಲ್ಲ. ಹತ್ತಿಗೂ ತೊಗರಿಗೂ ಹುಳ ಬಿದ್ದಾಗ ಹೊಡೆಯುವ ಸೈಪರ್‌ಮೆಥ್ರಿನ್ ಇದೆಯಷ್ಟೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದವರು ಮಣ್ಣಿನಿಂದ ಮೈಕ್ರೋಕಾಕಸ್ ಜಾತಿಯ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಅದು ಈ ಔಷಧವನ್ನೇ ತನ್ನ ಇಂಗಾಲದ ಆಹಾರವಾಗಿ ಮಾಡಿಕೊಳ್ಳುವದನ್ನು ತೋರಿಸಿ 2008ರಲ್ಲಿ ಪ್ರಕಟಿಸಿದರು. ಆ ಜೀವಿಯು ಮೊದಲು ಔಷಧದ ಅಣುವನ್ನು ಅದರ ಸಂದಿನಲ್ಲಿ ಎರಡಾಗಿ ಒಡೆದು, ಅನಂತರ ಉಂಗುರಗಳನ್ನು ಬೇರ್ಪಡಿಸಿ, ಕಡೆಗೆ ಉಂಗುರವನ್ನೂ ಬಿಚ್ಚುತ್ತದೆ. ದೂರದ ಸಮುದ್ರವನ್ನು ನೆಚ್ಚಿ ಕೂತ ನಮಗೆ ಕಾಲಡಿಯ ಮಣ್ಣಿನಲ್ಲಿಯೇ ಇಂಥ ಕೆಲಸಗಾರರು ಇರುವದು ಸಂತೋಷದ ಸಂಗತಿಯೇ ಸರಿ. ಆದರೆ ಅವಕ್ಕೆ ಕಾಲಾವಕಾಶ ಬೇಕು. ಸೈಪರ್‌ಮೆಥ್ರಿನ್ ಮೀನಿಗೆ ಬಹು ಘಾತುಕವಾದದ್ದು. ಹಳ್ಳದ ನೀರಿಗೆ ನೇರವಾಗಿ ಬಿದ್ದರೆ ಅಣುಜೀವಿಯು ಊಟಕ್ಕೆ ಕೂಡುವ ಮೊದಲೇ ಮೀನು ಸತ್ತಿರುತ್ತದೆ.

ಆದಕಾರಣ ನಮ್ಮ ವಿದ್ಯಾರ್ಥಿನಿಗೆ ನಾವು ಬರೆದ ಉತ್ತರವು ಹೀಗೆ. ಡ್ರಮ್ಮನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಹಾಕಿ ಅದೇ ತೋಟದ ಸಾಲುಗಳಿಗೆ ಹೊಡೆಯಿರಿ. ಪಂಪಿನ ಹೊರಮೈಯನ್ನು ತೊಳೆದ ನೀರಿಗೆ ಸ್ವೀಡನ್ ದೇಶದ ರೈತರು 1993ರಿಂದ ಒಂದು ಉಪಾಯವನ್ನು ಮಾಡುತ್ತ ಬಂದಿದ್ದಾರೆ. ಎರಡು ಅಡಿ ಆಳದ ಕುಣಿಯನ್ನು ತೋಡಿ ತಳಕ್ಕೆ ಜಿಗಟು ಮಣ್ಣನ್ನು ಬಡಿದು, ಅದರ ಮೇಲೆ ಅರ್ಧ ಪಾಲು ಹುಲ್ಲು, ಕಾಲು ಪಾಲು ಮಣ್ಣು, ಕಾಲು ಪಾಲು ಅಲ್ಲಿಯ ಜವುಗಿನ ಕೊಳೆತ ಸೊಪ್ಪಿನ ಮಣ್ಣು ಇವನ್ನು ಬೆರೆಸಿ ತುಂಬಿ, ಮೇಲೆ ಗರಿಕೆಯನ್ನು ಬೆಳೆಸುತ್ತಾರೆ. ಪಂಪನ್ನು ಅದರ ಮ್ಯಾಲೆಯೇ ನಿಲ್ಲಿಸಿ ತೊಳೆಯುವದು. ಹುಲ್ಲನ್ನು ಕೊಳೆಸುವ ಬೂಷ್ಟೂ ಬ್ಯಾಕ್ಟೀರಿಯಾಗಳೂ ಔಷಧವನ್ನು ಹಿಡಿದು ನಿಲ್ಲಿಸಿ ತಿಂಗಳುಗಟ್ಟಲೆ ಕೂತು ಅರಗಿಸುತ್ತವೆ. ಗಾಳಿ, ತೇವ, ಸಾರಜನಕ, ವೇಳೆ, ಅಂದರೆ ಮೂರನೆಯ ಭರಣಿಯಲ್ಲಿ ಇದ್ದದ್ದೆಲ್ಲಾ ಅಲ್ಲಿ ಇರುವದು. ನಮ್ಮಲ್ಲಿ ಜವುಗಿನ ಮಣ್ಣಿಲ್ಲ, ಅದಕ್ಕೆ ಬದಲಾಗಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಹಾಕಬಹುದು. ತಳಕ್ಕೆ ಎರೆಮಣ್ಣು ಇದ್ದೇ ಇದೆ. ಎರೆಯು ಬಿಸಿಲಿಗೆ ಬಿರಿಯುವದರಿಂದ ಕುಣಿಯನ್ನು ಒಣಗಗೊಡಬಾರದು. ಬಾವಿಯಿಂದಲೂ ಹಳ್ಳದಿಂದಲೂ ದೂರವಿರಬೇಕು. ಮಕ್ಕಳೂ ಕೋಳಿಗಳೂ ಅಲ್ಲಿ ಕಾಲಿಡದಂತೆ ಬೇಲಿ ಬೇಕು. ಮೈಲುತುತ್ತದ ತಾಮ್ರವು ಮಾತ್ರ ಈ ಕುಣಿಯಲ್ಲಿಯೂ ತಾಮ್ರವಾಗಿಯೇ ಉಳಿಯುವದು. ಹಳೆಯದಾದ ಕುಣಿಯ ಮಣ್ಣನ್ನು ಕಾಯಿಪಲ್ಲೆಯ ಮಡಿಗಳಿಗೆ ಹಾಕಲಾಗದು.

ಅವಳ ಎರಡನೆಯ ಪತ್ರವು ಈ ಸಂಚಿಕೆಯು ಅಚ್ಚಿಗೆ ಹೋಗುವ ಮೊದಲು ಬಂತು. ಕುಣಿಯನ್ನು ತೋಡಿಸಿದ್ದಾಳೆ. ಮಾವನವರು ಎರಡು ದಿವಸ ಮಾತಾಡದೆ ಇದ್ದು ಮೂರನೆಯ ದಿವಸ ತಾವೇ ಎರೆಮಣ್ಣನ್ನು ತುಳಿದು ಬಡಿದುಕೊಟ್ಟರಂತೆ. ಆದರೆ ದನ ತಿನ್ನುವ ಒಳ್ಳೇ ಬಿಳಿಜೋಳದ ಕಣಿಕೆಯನ್ನು ಕುಣಿಗೆ ಸುರಿದದ್ದಕ್ಕೆ ಅವರ ಸಿಟ್ಟು ಇನ್ನೂ ಇಳಿದಿಲ್ಲ. ಮುಂದಿನ ಸಲ ಬಬಲೇಶ್ವರದ ಕಡೆಯ ಕಬ್ಬಿನ ಹೊಲಗಳಿಂದ ಒಂದು ಗಾಡಿ ರವದಿಯನ್ನು ತರಿಸೋಣವೆಂದು ಇಬ್ಬರೂ ಒಪ್ಪಿಕೊಂಡಿದ್ದಾರೆಂದು ಬರೆದಿದ್ದಾಳೆ.